ಹೆಸರಿಲ್ಲದ ಸಮಾಧಿ, ಬೀಗ ಒಡೆದ ಡೈರಿ

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಅಮೆರಿಕದ ಕವಿ ನಟಾಶಾ ಟ್ರೆಥ್‌ವೇ ಬಗ್ಗೆ ಅರ್ಧ ಪುಟ ಹಾಕಿದ್ದಿರಿ. ಆ ದೇಶದ ಆಸ್ಥಾನಕವಿಯಾದ ಮೊದಲ ಕಪ್ಪು ಮಹಿಳೆ ಅಂತ ಅದರಲ್ಲಿತ್ತು. ನನಗೆ ಅನುಮಾನ. ಇನ್ನೊಂದು ಮಾತು. ಆಕೆ ದೊಡ್ಡ ಯೂನಿವರ್ಸಿಟಿಯ ಪ್ರೊಫೆಸರ್. ಸಂಬಳ, ಪ್ರಶಸ್ತಿ ಎಲ್ಲಾ ಇದೆ. ತಾಯಿಯ ಕೊಲೆಯ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆಯುವುದು ನೋವನ್ನೇ ಬಂಡವಾಳ ಮಾಡಿಕೊಂಡಂತೆ ಅಲ್ವಾ? ಹಾಗಿದ್ದೂ ಓದಬೇಕು ಅನ್ನುವುದಾದರೆ ಎಲ್ಲಿಂದ ಶುರು ಮಾಡಲಿ?"

ಮೊದಲು ತಪ್ಪೊಪ್ಪಿಗೆ. ನಿಮ್ಮ ಅನುಮಾನ ಸರಿ. 1993ರಲ್ಲೇ ರೀಟಾ ಡವ್ ಎಂಬ ಕಪ್ಪು ಕವಯಿತ್ರಿ ಆ ಸ್ಥಾನದಲ್ಲಿದ್ದರು. ಟ್ರೆಥ್‌ವೇ ಬಂದದ್ದು 2012ರಲ್ಲಿ, ಹತ್ತೊಂಬತ್ತನೆಯವರಾಗಿ. ಎರಡು ಅವಧಿ ಇದ್ದರು. 'ಆಸ್ಥಾನಕವಿ' ಅನ್ನುವ ಪದವೂ ಅಷ್ಟು ಸರಿಹೊಂದುವುದಿಲ್ಲ. ಅಲ್ಲಿ ಆಸ್ಥಾನವಿಲ್ಲ, ಯಾರನ್ನೂ ಹೊಗಳಿ ಬರೆಯಬೇಕಾಗಿಲ್ಲ. ಕವಿಯನ್ನು ಆರಿಸುವವರು ವಾಷಿಂಗ್ಟನ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯ, ಅಂದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು. ಕವಿಗೆ ಸಿಗುವುದು ಒಂದಿಷ್ಟು ಗೌರವಧನ, ಕೂರಲು ಒಂದು ಕೋಣೆ. ಟ್ರೆಥ್‌ವೇ 2013ರಲ್ಲಿ ಕೆಲವು ತಿಂಗಳು ವಾಷಿಂಗ್ಟನ್‌ನಲ್ಲೇ ಮನೆ ಮಾಡಿ, ಆ ಕೋಣೆಯಲ್ಲಿ ಕೂತು, ಬಂದ ಜನರ ಜೊತೆ ಮಾತಾಡಿದರು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1965ರಲ್ಲಿ ಗ್ವೆಂಡೊಲಿನ್ ಟರ್ನ್‌ಬೊ ಎಂಬ ಕಪ್ಪು ಹುಡುಗಿ, ಎರಿಕ್ ಟ್ರೆಥ್‌ವೇ ಎಂಬ ಕೆನಡಾದ ಬಿಳಿ ಹುಡುಗ ಮದುವೆಯಾಗಲು ಓಹಿಯೋ ರಾಜ್ಯಕ್ಕೆ ಹೋದರು. ಇಬ್ಬರೂ ಓದುತ್ತಿದ್ದ ಕೆಂಟಕಿಯಲ್ಲಿ ಅಂಥ ಮದುವೆಗೆ ಕಾನೂನು ಒಪ್ಪುತ್ತಿರಲಿಲ್ಲ. ಹುಡುಗಿಯ ಊರಿದ್ದ ಮಿಸಿಸಿಪ್ಪಿಯಲ್ಲೂ ಒಪ್ಪುತ್ತಿರಲಿಲ್ಲ. ಅವರ ಮಗು ನಟಾಶಾ ಹುಟ್ಟಿದ್ದು ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್‌ನಲ್ಲಿ, 1966ರ ಏಪ್ರಿಲ್ 26ರಂದು. ಅದು ದಕ್ಷಿಣದವರು ತಮ್ಮ ಕಾನ್ಫೆಡರೇಟ್ ಸೈನಿಕರನ್ನು ನೆನೆಯುವ ದಿನ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ಆ ಸೈನ್ಯದ ಸ್ಮರಣೆ ಶುರುವಾಗಿ ಅವತ್ತಿಗೆ ಸರಿಯಾಗಿ ನೂರು ವರ್ಷ. ಬೀದಿಯಲ್ಲಿ ಆ ಬಾವುಟ, ಆಸ್ಪತ್ರೆಯಲ್ಲಿ ಈ ಮಗು. ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ಹೊಡೆದುಹಾಕಿದ್ದು 1967ರ ಜೂನ್‌ನಲ್ಲಿ. ಅಷ್ಟರಲ್ಲಿ ಮಗುವಿಗೆ ವರ್ಷ ತುಂಬಿತ್ತು. ಮಿಸಿಸಿಪ್ಪಿ ತನ್ನ ಸಂವಿಧಾನದಿಂದ ಆ ಸಾಲನ್ನು ತೆಗೆಯಲು 1987 ಬೇಕಾಯಿತು!

ಹುಡುಗಿಗೆ ಆರು ವರ್ಷವಾಗುವ ಹೊತ್ತಿಗೆ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಮಗಳನ್ನು ಕರೆದುಕೊಂಡು ಅಟ್ಲಾಂಟಾಗೆ ಹೋದರು, ಸಮಾಜ ಸೇವೆಯ ಪದವಿ ಓದಿದರು, ಮತ್ತೆ ಮದುವೆಯಾದರು. ಎರಡನೆಯ ಗಂಡ ಹೊಡೆಯುವವನು. ಆಕೆ ಅವನನ್ನು ಬಿಟ್ಟು ಹೊರಬಂದರು, ಪೊಲೀಸರ ಬಳಿ ಹೋದರು, ಮಾಡಬೇಕಾದದ್ದನ್ನೆಲ್ಲ ಮಾಡಿದರು. 1985ರ ಜೂನ್ 5ರಂದು ಅವನು ಗುಂಡು ಹಾರಿಸಿ ಕೊಂದ. ಅಮ್ಮನಿಗೆ ನಲವತ್ತು. ಮಗಳಿಗೆ ಹತ್ತೊಂಬತ್ತು, ಜಾರ್ಜಿಯಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಕೊಲೆ ನಡೆದ ರಸ್ತೆಯ ಹೆಸರು ಮೆಮೋರಿಯಲ್ ಡ್ರೈವ್. ಆ ರಸ್ತೆ ಹೋಗುವುದು ಸ್ಟೋನ್ ಮೌಂಟನ್ ಎಂಬ ಬಂಡೆಬೆಟ್ಟದ ಕಡೆಗೆ. ಬೆಟ್ಟದ ಮೈಮೇಲೆ ಕುದುರೆ ಏರಿದ ಮೂವರು ಕಾನ್ಫೆಡರೇಟ್ ನಾಯಕರನ್ನು ಕೆತ್ತಿದ್ದಾರೆ. ಗ್ವೆಂಡೊಲಿನ್ ಸಮಾಧಿಗೆ ಮಾತ್ರ ಎಷ್ಟೋ ವರ್ಷ ಹೆಸರಿನ ಒಂದು ಕಲ್ಲೂ ಇರಲಿಲ್ಲ.

ನೋವಿನ ಬಂಡವಾಳ ಅಂದಿರಲ್ಲ, ಬಂಡವಾಳ ಹೂಡುವವರು ಇಷ್ಟು ಕಾಯುವುದಿಲ್ಲ. ಮೊದಲ ಸಂಕಲನ 'ಡೊಮೆಸ್ಟಿಕ್ ವರ್ಕ್' ಬಂದದ್ದು 2000ದಲ್ಲಿ. ಅದರ ಕೇಂದ್ರದಲ್ಲಿರುವವಳು ಮನೆಗೆಲಸ, ಹೊಲಿಗೆ ಮಾಡಿ ಬದುಕಿದ ಅಜ್ಜಿ. (ಹಸ್ತಪ್ರತಿಯನ್ನು ಬಹುಮಾನಕ್ಕೆ ಆರಿಸಿದವರು ಅದೇ ರೀಟಾ ಡವ್.) ಎರಡನೆಯದು ನೂರು ವರ್ಷ ಹಿಂದಿನ ನ್ಯೂ ಆರ್ಲಿಯನ್ಸ್‌ನ ವೇಶ್ಯಾವಾಟಿಕೆಯಲ್ಲಿ ತೆಗೆದ ಫೋಟೋಗಳಿಂದ ಹುಟ್ಟಿದ ಪುಸ್ತಕ. ಅಮ್ಮ ಪೂರ್ತಿಯಾಗಿ ಬಂದದ್ದು ಮೂರನೆಯ ಸಂಕಲನ 'ನೇಟಿವ್ ಗಾರ್ಡ್'ನಲ್ಲಿ, 2006ರಲ್ಲಿ. ಅಂದರೆ ಇಪ್ಪತ್ತೊಂದು ವರ್ಷದ ನಂತರ. ಅಲ್ಲೂ ಆಕೆ ನೇರವಾಗಿ ಬಂದವಳಲ್ಲ, ಸೈನಿಕರ ಹಿಂದೆ ಬಂದವಳು.

ಆ ಸೈನಿಕರ ಕಥೆ ಹೀಗೆ. ಗಲ್ಫ್‌ಪೋರ್ಟ್ ಎದುರಿನ ಸಮುದ್ರದಲ್ಲಿ ಶಿಪ್ ಐಲೆಂಡ್ ಎಂಬ ದ್ವೀಪವಿದೆ, ಅಲ್ಲೊಂದು ಕೋಟೆ. ಟ್ರೆಥ್‌ವೇ ಚಿಕ್ಕಂದಿನಲ್ಲಿ ಅಲ್ಲಿಗೆ ಹೋಗಿದ್ದವರೇ. ಅಂತರ್ಯುದ್ಧದಲ್ಲಿ ಉತ್ತರದವರ ಪರವಾಗಿ ಆ ದ್ವೀಪವನ್ನು ಕಾಯುತ್ತಿದ್ದುದು ಲೂಸಿಯಾನಾ ನೇಟಿವ್ ಗಾರ್ಡ್ಸ್ ಎಂಬ ಕಪ್ಪು ಸೈನಿಕರ ಪಡೆ. ಬಹಳ ಜನ ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು. ಅವರ ಕಾವಲಿನಲ್ಲಿದ್ದ ಕೈದಿಗಳು ಬಿಳಿಯ ಕಾನ್ಫೆಡರೇಟ್ ಸೈನಿಕರು. ಕೋಟೆಯಲ್ಲಿ ಆ ಕೈದಿಗಳ ನೆನಪಿಗೆ ಫಲಕ ಹಾಕಿದ್ದರು. ಕಾವಲಿದ್ದವರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಆಕೆಯ ಪ್ರೊಫೆಸರ್‌ಗಿರಿ ಉಪಯೋಗಕ್ಕೆ ಬರುವುದು ಇಲ್ಲಿ. ನಮ್ಮಲ್ಲಿ ಮೇಷ್ಟ್ರು ಬರೆದ ಕವಿತೆ ಅಂದರೆ ಸುಮ್ನೆ ಒಂದು ನಗು ಬರುತ್ತದೆ. ಆದರೆ ನಮ್ಮ ದೊಡ್ಡ ಕವಿಗಳಲ್ಲಿ ಅರ್ಧ ಜನ ಮೇಷ್ಟ್ರುಗಳೇ ತಾನೆ? ನಿಸಾರ್ ಅಹಮದ್ ಅಂತೂ ಪಾಠ ಮಾಡಿದ್ದು ಭೂವಿಜ್ಞಾನ. ಅಮೆರಿಕದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಕವಿತೆ ಬರೆಯುವುದಕ್ಕೇ ಸ್ನಾತಕೋತ್ತರ ಪದವಿಯಿದೆ. ಅದನ್ನು ಪಡೆದವರಲ್ಲಿ ಕೆಲವರು ಮತ್ತೆ ಅದನ್ನೇ ಕಲಿಸುತ್ತಾರೆ. ಟ್ರೆಥ್‌ವೇ 1995ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಮುಗಿಸಿ, ಆಬರ್ನ್, ಆಮೇಲೆ ಅಟ್ಲಾಂಟಾದ ಎಮೊರಿ, 2017ರಿಂದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿ ಹೀಗೆ ನಡೆದರು. ಈ ಪಟ್ಟಿ ನನಗೆ ಮುಖ್ಯ ಅನ್ನಿಸುವುದಿಲ್ಲ. ದಫ್ತರದ ಧೂಳಿನಲ್ಲಿ ಕೂರುವ ಮೇಷ್ಟ್ರ ತಾಳ್ಮೆ ಮುಖ್ಯ. ಆ ಸೈನಿಕರನ್ನು ಹುಡುಕುತ್ತಾ ಅವರು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ಕಾಗದಗಳನ್ನು ಓದಿದ್ದರು. ಮುಂದೆ ಅದೇ ಲೈಬ್ರರಿಯಲ್ಲಿ ಕವಿಯಾಗಿ ಕೂತರು.

'ನೇಟಿವ್ ಗಾರ್ಡ್'ನ ಶೀರ್ಷಿಕೆ ಕವಿತೆ ಹತ್ತು ಸಾನೆಟ್‌ಗಳ, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳ ಸರಪಳಿ. ಒಂದರ ಕೊನೆಯ ಸಾಲು ಸ್ವಲ್ಪ ಬದಲಾಗಿ ಮುಂದಿನದರ ಮೊದಲ ಸಾಲಾಗುತ್ತದೆ. ಮಾತಾಡುವವನು ಅಕ್ಷರ ಬಲ್ಲ ಒಬ್ಬ ಕಪ್ಪು ಸೈನಿಕ. ಕಾಗದಕ್ಕೆ ಬರ. ಬಿಟ್ಟುಹೋದ ಒಂದು ಮನೆಯಲ್ಲಿ ಬಿಳಿಯನೊಬ್ಬನ ದಿನಚರಿ ಅವನಿಗೆ ಸಿಗುತ್ತದೆ. ಅದರಲ್ಲಿ ಮೊದಲೇ ಇದ್ದ ಸಾಲುಗಳ ಮೇಲೆ ಇವನು ಅಡ್ಡಡ್ಡ ಬರೆಯುತ್ತಾನೆ. ಓದು ಬಾರದ ಕೈದಿಗಳ ಪರವಾಗಿ ಅವರ ಮನೆಗೆ ಪತ್ರವನ್ನೂ ಬರೆದುಕೊಡುತ್ತಾನೆ. ನಿನ್ನೆಯ ಮಾಲೀಕರಂಥವರು ಇವತ್ತು ಇವನ ಅಕ್ಷರಕ್ಕೆ ಕಾಯುತ್ತಾರೆ. ಈ ಪುಸ್ತಕಕ್ಕೆ 2007ರಲ್ಲಿ ಪುಲಿಟ್ಜರ್ ಬಂತು. ಫಲಕವಿಲ್ಲದ ಸೈನಿಕರ ಬಗ್ಗೆ ಬರೆಯುತ್ತಾ ಬರೆಯುತ್ತಾ, ಕಲ್ಲಿಲ್ಲದ ಅಮ್ಮ ಎದುರಿಗೆ ಬಂದಳು. ಇರುವೆಗಳು ಸಮಾಧಿಯಿಂದ ಮಣ್ಣು ಹೊರುವುದನ್ನು ಮಗಳು ನೋಡುವ ಒಂದು ಕವಿತೆ ಇದರಲ್ಲಿದೆ. ನಾನು ಅದನ್ನು ಒಂದೇ ಸಲಕ್ಕೆ ಓದಿ ಮುಂದಕ್ಕೆ ಹೋಗಲಾಗಲಿಲ್ಲ.

ಮನೆಯವರನ್ನು ಬರಹಕ್ಕೆ ಎಳೆದದ್ದರಲ್ಲಿ ಈಕೆ ಮೊದಲಿಗಳೂ ಅಲ್ಲ. ಅಪ್ಪ ಎರಿಕ್ ಕೂಡ ಕವಿ, ಪ್ರೊಫೆಸರ್. ತನ್ನ ಕವಿತೆಯೊಂದರಲ್ಲಿ ಮಗಳನ್ನು 'ಮಿಶ್ರತಳಿ' ಅನ್ನುವ ಅರ್ಥದ ಪದದಿಂದ ಕರೆದಿದ್ದರು. ದನಕರುಗಳಿಗೆ ಬಳಸುವ ಮಾತು. ಪ್ರೀತಿಯಿಂದಲೇ ಬರೆದಿರಬಹುದು. ಮಗಳು 2012ರ 'ಥ್ರಾಲ್' ಸಂಕಲನದಲ್ಲಿ ಉತ್ತರ ಕೊಟ್ಟಳು. ಹೆಣ್ಣಿನ ಶವವನ್ನು ಮೇಜಿನ ಮೇಲೆ ಮಲಗಿಸಿ ಸುತ್ತ ನಿಂತು ಕೊಯ್ಯುವ ಪಂಡಿತರ ಹಳೆಯ ಚಿತ್ರವೊಂದರ ಮೇಲೆ ಕವಿತೆ ಬರೆದು, ಅದರ ಕೊನೆಗೆ ಅಪ್ಪನ ಆ ಸಾಲನ್ನು ತಂದಿಟ್ಟಳು. ಕೂಗಾಟವಿಲ್ಲ. ಆ ಸಂಕಲನದ ಕೆಲವು ಚಿತ್ರಕವಿತೆಗಳು ನನಗೆ ಸ್ವಲ್ಪ ತಣ್ಣಗೆ ಅನ್ನಿಸಿದವು, ನಿಜ. ಇದು ಮಾತ್ರ ಹಾಗಲ್ಲ.

ಕೊಲೆಯ ವಿಷಯವನ್ನು ಗದ್ಯದಲ್ಲಿ ಪೂರ್ತಿ ಹೇಳಿದ್ದು 2020ರ 'ಮೆಮೋರಿಯಲ್ ಡ್ರೈವ್'ನಲ್ಲಿ. ಅಷ್ಟರಲ್ಲಿ ಮೂವತ್ತೈದು ವರ್ಷ ಕಳೆದಿತ್ತು. ಅದರಲ್ಲೊಂದು ಪ್ರಸಂಗವಿದೆ. ಶಾಲೆಗೆ ಹೋಗುವ ಮಗಳಿಗೆ ಅಮ್ಮ ಬೀಗವಿರುವ ಡೈರಿ ಕೊಡಿಸುತ್ತಾರೆ. ಮಲತಂದೆ ಬೀಗ ಒಡೆದು ಓದುತ್ತಾನೆ. ಹುಡುಗಿಗೆ ಗೊತ್ತಾಗುತ್ತದೆ. ಆದರೆ ಡೈರಿ ಬಚ್ಚಿಡುವುದಿಲ್ಲ, ಬರೆಯುವುದನ್ನು ನಿಲ್ಲಿಸುವುದೂ ಇಲ್ಲ. ಅದೇ ಡೈರಿಯಲ್ಲಿ ಅವನನ್ನೇ ಉದ್ದೇಶಿಸಿ ಬೈದು ಬರೆಯುತ್ತಾಳೆ. ಅವನು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಓದಿದ್ದು ಒಪ್ಪಿಕೊಂಡಂತೆ. ಇದನ್ನು ಓದಿದಾಗ ನನಗೆ ದ್ವೀಪದ ಸೈನಿಕನ ದಿನಚರಿ ನೆನಪಾಯಿತು. ಯಜಮಾನನ ಕಣ್ಣು ಬಿದ್ದ ಪುಟದಲ್ಲೇ ತನ್ನ ಮಾತನ್ನು ಅಡ್ಡ ಬರೆಯುವ ಹಟ ಎರಡೂ ಕಡೆ ಒಂದೇ.

ಎಲ್ಲಿಂದ ಶುರು ಮಾಡಲಿ ಅಂದಿರಿ. 'ನೇಟಿವ್ ಗಾರ್ಡ್'ನಿಂದ. ತೆಳ್ಳನೆಯ ಪುಸ್ತಕ. ಆ ಹತ್ತು ಸಾನೆಟ್‌ಗಳನ್ನು ಜೋರಾಗಿ ಓದಿ, ಸಾಲು ಮರಳಿ ಬರುವುದು ಕಿವಿಗೆ ಗೊತ್ತಾಗುತ್ತದೆ. ಆಮೇಲೆ 'ಮೆಮೋರಿಯಲ್ ಡ್ರೈವ್'. ಎಷ್ಟೋ ವರ್ಷದ ನಂತರ ಪೊಲೀಸ್ ಕಡತ ಮಗಳ ಕೈಗೆ ಬಂದಿತ್ತು. ಫೋನ್ ಮಾತುಕತೆಯ ದಾಖಲೆಯೂ, ಅಮ್ಮ ಹಳದಿ ಹಾಳೆಗಳ ಮೇಲೆ ಕೈಯಾರೆ ಬರೆದ ಹೇಳಿಕೆಯೂ ಅದರಲ್ಲಿದ್ದವು. ಮಗಳು ಅವನ್ನು ಹಾಗೆಯೇ ಪುಸ್ತಕದಲ್ಲಿ ಇಟ್ಟಿದ್ದಾಳೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಗಟ್ಟಿ ಗದ್ಯ ಆ ಪುಟಗಳದ್ದು, ಅವು ಗ್ವೆಂಡೊಲಿನ್ ಬರೆದವು.