ಕಲಬುರಗಿಯಲ್ಲೇ ಇದ್ದು, ನೈಟ್ ಡ್ಯೂಟಿ ಮಾಡುತ್ತಾ ಓಇಟಿ ರೈಟಿಂಗ್‌ಗೆ ತಯಾರಾಗೋದು ಹೇಗೆ?

ನೀವು ಕೇಳಿದ್ದು ಇಷ್ಟು: ಊರು ಯಾದಗಿರಿ ಕಡೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಈಗ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಯುಕೆಗೆ ಹೋಗೋಕೆ ಓಇಟಿ, ಅಂದರೆ ಆಸ್ಪತ್ರೆ ಕೆಲಸದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ, ಬರೆಯಬೇಕು. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಹೇಗೋ ಆಗುತ್ತೆ, ರೈಟಿಂಗ್ ಅಂದರೆ ಭಯ. ಬೆಂಗಳೂರಿಗೋ ಕೇರಳಕ್ಕೋ ಹೋಗಿ ಕೋಚಿಂಗ್ ಸೇರಲೇಬೇಕಾ? ಇಲ್ಲ, ಒಂದಿಷ್ಟು ಮಾದರಿ ಪತ್ರ ಬಾಯಿಪಾಠ ಮಾಡಿದರೆ ಸಾಕಾ?

ಎರಡೂ ಬೇಡ ಅನ್ನೋದು ನನ್ನ ಉತ್ತರ. ನಾನು ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪಾಠ ಹೇಳುತ್ತೇನೆ. ಓಇಟಿಗೆ ಕೂರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬರೆದ ಪತ್ರಗಳನ್ನು ಸಂಜೆ ಹೊತ್ತು ತಿದ್ದಿಕೊಡುತ್ತೇನೆ. ಕನ್ನಡ ಮೀಡಿಯಂನವರು ಈ ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ಇಂಗ್ಲಿಷ್ ಬರಲ್ಲ ಅಂತ ಅಲ್ಲ. ಪರೀಕ್ಷೆಯಲ್ಲಿ ಕೊಡುವ ರೋಗಿಯ ನೋಟ್ಸ್‌ನಲ್ಲಿ ಇರೋದನ್ನೆಲ್ಲ ಪತ್ರಕ್ಕೆ ತುಂಬುತ್ತಾರೆ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾವುದು ಬಿಡಬೇಕು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತೆ.

ಮೊದಲು ಪರೀಕ್ಷೆ ಹೇಗಿರುತ್ತೆ ನೋಡೋಣ. ರೈಟಿಂಗ್‌ಗೆ ಒಟ್ಟು 45 ನಿಮಿಷ. ಮೊದಲ 5 ನಿಮಿಷ ಬರೀ ಓದೋಕೆ, ಆಮೇಲೆ 40 ನಿಮಿಷ ಬರೆಯೋಕೆ. ನರ್ಸ್‌ಗಳಿಗೆ ನರ್ಸಿಂಗ್ ವಿಷಯದ್ದೇ ಕೇಸ್ ನೋಟ್ಸ್ ಕೊಡುತ್ತಾರೆ. ಒಬ್ಬ ರೋಗಿಯ ಹೆಸರು, ವಯಸ್ಸು, ಕುಟುಂಬ, ಹಳೆಯ ಕಾಯಿಲೆ, ಈಗಿನ ಕಾಯಿಲೆ, ದಿನದ ಲೆಕ್ಕದಲ್ಲಿ ಚಿಕಿತ್ಸೆ, ಡಿಸ್ಚಾರ್ಜ್ ಪ್ಲಾನ್ ಎಲ್ಲ ತುಂಡು ತುಂಡು ಸಾಲುಗಳಲ್ಲಿ ಇರುತ್ತೆ. ಅದನ್ನು ನೋಡಿ ಒಂದು ಪತ್ರ ಬರೆಯಬೇಕು. ಹೆಚ್ಚಾಗಿ ರೆಫರಲ್ (ರೋಗಿಯನ್ನು ಬೇರೆಯವರ ಹತ್ತಿರ ಕಳಿಸುವಾಗ ಕೊಡುವ), ಡಿಸ್ಚಾರ್ಜ್ ಅಥವಾ ಟ್ರಾನ್ಸ್‌ಫರ್ ಪತ್ರ. ಪತ್ರದ ಮುಖ್ಯ ಭಾಗ ಸುಮಾರು 180ರಿಂದ 200 ಪದ. ನೋಟ್ಸ್‌ನಲ್ಲಿರೋ ವಿಷಯ ಅಷ್ಟರಲ್ಲಿ ಹಿಡಿಸಲ್ಲ. ಹಿಡಿಸಬಾರದು ಅಂತಲೇ ಹಾಗೆ ಮಾಡಿದ್ದಾರೆ.

ಅಂಕ ಕೊಡೋದು ಆರು ವಿಷಯ ನೋಡಿ. ಪತ್ರದ ಉದ್ದೇಶ ತಕ್ಷಣ ತಿಳಿಯುತ್ತಾ, ಬೇಕಾದ ಮಾಹಿತಿ ಇದೆಯಾ, ಬೇಡದ್ದನ್ನು ಬಿಟ್ಟು ಸ್ಪಷ್ಟವಾಗಿದೆಯಾ, ಓದುವವರಿಗೆ ತಕ್ಕ ಧಾಟಿ ಇದೆಯಾ, ಪ್ಯಾರಾಗಳ ಜೋಡಣೆ ಸರಿಯಿದೆಯಾ, ಕೊನೆಗೆ ಭಾಷೆ. ಉದ್ದೇಶಕ್ಕೆ 0ರಿಂದ 3, ಉಳಿದ ಐದಕ್ಕೆ ತಲಾ 0ರಿಂದ 7. ಗಮನಿಸಿ, ವ್ಯಾಕರಣ ಮತ್ತು ಪದಸಂಪತ್ತು ಈ ಆರರಲ್ಲಿ ಒಂದೇ ಒಂದು. ಉಳಿದದ್ದೆಲ್ಲ ಓದುವವರ ಅನುಕೂಲದ ಪ್ರಶ್ನೆ. ಅದು ನಿಮಗೆ ಈಗಾಗಲೇ ಗೊತ್ತಿರುವ ಕೆಲಸ.

ಹೇಗೆ ಅಂದರೆ, ನಮ್ಮ ಕಡೆಯ ರೆಫರಲ್ ಚೀಟಿಯನ್ನೇ ನೋಡಿ. ಸುರಪುರ, ಶಹಾಪುರ, ಸೇಡಂ, ಆಳಂದ ಕಡೆಯಿಂದ ಕಲಬುರಗಿಗೆ ರೋಗಿಗಳು ಬರೋದು ನಿಮಗೆ ದಿನಾ ಕಾಣುತ್ತೆ. ರಾತ್ರಿ ಒಬ್ಬರನ್ನು ಕರೆದುಕೊಂಡು ಬರುತ್ತಾರೆ. "ಸಿಸ್ಟರ್, ತೊಗರಿ ಹೊಲದಾಗ ಹಾವು ಕಡದದ ನೋಡ್ರಿ" ಅನ್ನುತ್ತಾರೆ. ಕೈಯಲ್ಲಿ ತಾಲೂಕು ಆಸ್ಪತ್ರೆಯ ಚೀಟಿ. ನೀವು ಅದರಲ್ಲಿ ಏನು ಹುಡುಕುತ್ತೀರಿ? ಹಾವು ಕಚ್ಚಿದ್ದು ಎಷ್ಟು ಗಂಟೆಗೆ? ವಿಷನಿರೋಧಕ ಎಎಸ್‌ವಿ ಎಷ್ಟು ವಯಲ್ ಹೋಗಿದೆ? 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದ್ದಾರಾ? ಇಲ್ಲಿಗೆ ಕಳಿಸಿದ್ದು ವೆಂಟಿಲೇಟರ್‌ಗೋ ಡಯಾಲಿಸಿಸ್‌ಗೋ? ಆ ಚೀಟಿಯಲ್ಲಿ ಅವರಿಗೆ ಚಿಕ್ಕಂದಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿತ್ತು ಅಂತ ಮೊದಲ ಸಾಲಲ್ಲೇ ಬರೆದು, ಎಎಸ್‌ವಿ ವಿಷಯ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ನಿಮಗೆ ಎಷ್ಟು ಕೋಪ ಬರುತ್ತೆ? ಓಇಟಿ ಪತ್ರ ಓದುವ ಪರೀಕ್ಷಕರು ಅದೇ ಕಣ್ಣಿನಿಂದ ಓದುತ್ತಾರೆ. ಚೀಟಿ ತೆಗೆದುಕೊಳ್ಳುವ ಜಾಗದಲ್ಲಿ ನಿಂತು ನಿಮಗೆ ಅಭ್ಯಾಸ ಇದೆ. ಪರೀಕ್ಷೆಯಲ್ಲಿ ಕೊಡುವ ಜಾಗದಲ್ಲಿ ನಿಲ್ಲಬೇಕು, ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ನಾನೇ ಕಟ್ಟಿದ ಕೇಸ್ ಇದು. 72 ವರ್ಷದ ಅಜ್ಜಿ. ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಪೆನಿಸಿಲಿನ್ ಅಲರ್ಜಿ. ಗಾಯಕ್ಕೆ ಹಾಕಿದ ಸ್ಟೇಪಲ್ಸ್ 14ನೇ ದಿನ ತೆಗೆಯಬೇಕು. ವಾಕರ್ ಹಿಡಿದು ನಡೆಯುತ್ತಾರೆ. ಒಬ್ಬರೇ ಇರೋದು, ಮನೆಯಲ್ಲಿ ಮೆಟ್ಟಿಲುಗಳಿವೆ. ಮಗಳು ದೂರದ ಊರಲ್ಲಿ, ವಾರಕ್ಕೊಮ್ಮೆ ಬರುತ್ತಾಳೆ. 24ನೇ ವಯಸ್ಸಿನಲ್ಲಿ ಅಪೆಂಡಿಕ್ಸ್ ತೆಗೆದಿದ್ದಾರೆ. ಗಿಡ ಬೆಳೆಸೋದು ಇಷ್ಟ.

ಈಗ ಇದೇ ನೋಟ್ಸ್ ಇಟ್ಟುಕೊಂಡು ಎರಡು ಪತ್ರ ಬರೆಯಿರಿ. ಒಂದು ಮನೆಗೆ ಹೋಗಿ ನೋಡಿಕೊಳ್ಳುವ ಕಮ್ಯುನಿಟಿ ನರ್ಸ್‌ಗೆ. ಇನ್ನೊಂದು ಸೋಷಿಯಲ್ ವರ್ಕರ್‌ಗೆ.

ನರ್ಸ್‌ಗೆ ಬೇಕಾದದ್ದು ಗಾಯ ಹೇಗಿದೆ, ಸ್ಟೇಪಲ್ಸ್ ಯಾವತ್ತು ತೆಗೆಯಬೇಕು, ಸಕ್ಕರೆ ಪ್ರಮಾಣ ಎಷ್ಟು ಬಾರಿ ನೋಡಬೇಕು, ಅಲರ್ಜಿ ಏನು, ಮತ್ತೆ ಬೀಳುವ ಅಪಾಯ ಎಷ್ಟು. ಸೋಷಿಯಲ್ ವರ್ಕರ್‌ಗೆ ಸ್ಟೇಪಲ್ಸ್ ತೆಗೆದುಕೊಂಡು ಏನಾಗಬೇಕು? ಅವರಿಗೆ ಬೇಕಾದದ್ದು ಅಜ್ಜಿ ಒಬ್ಬರೇ ಇದ್ದಾರೆ, ಅಡುಗೆ ಸ್ನಾನಕ್ಕೆ ನೆರವು ಬೇಕು, ಮೆಟ್ಟಿಲು ಹತ್ತೋಕೆ ಆಗಲ್ಲ, ಮಗಳು ದಿನಾ ಬರೋಕೆ ಆಗಲ್ಲ ಅನ್ನೋದು. ಅವರಿಗೆ ಬರೆಯುವಾಗ, ದಿನಕ್ಕೆ ಎರಡು ಸಲ, ಮೂರು ಸಲ ಅನ್ನೋಕೆ "ಬಿ.ಡಿ.", "ಟಿ.ಡಿ.ಎಸ್." ಅಂತ ನಾವು ವಾರ್ಡಿನಲ್ಲಿ ಬಳಸುವ ಚುಟುಕು ಅಕ್ಷರಗಳೂ ಬೇಡ. ಅಪೆಂಡಿಕ್ಸ್ ಇಬ್ಬರಿಗೂ ಬೇಡ. ಗಿಡದ ವಿಷಯ? ನರ್ಸ್‌ಗೆ ಬೇಡ. ಸೋಷಿಯಲ್ ವರ್ಕರ್‌ಗೆ, ಅಜ್ಜಿ ಒಂಟಿಯಾಗಿ ಮಂಕಾಗಿದ್ದಾರೆ ಅಂತ ನೋಟ್ಸ್‌ನಲ್ಲಿ ಇದ್ದರೆ ಒಂದು ಅರ್ಧ ಸಾಲು ಬರಬಹುದು. ಇಂಥ ಜಾಗದಲ್ಲಿ ನಿಮ್ಮ ತೀರ್ಮಾನವನ್ನು ನೋಡುತ್ತಾರೆ.

ಈ ಎರಡು ಪತ್ರದ ಅಭ್ಯಾಸವನ್ನು ನಾನು ಎಲ್ಲರಿಗೂ ಮೊದಲ ವಾರದಲ್ಲೇ ಮಾಡಿಸುತ್ತೇನೆ. ಬಾಯಿಪಾಠ ಯಾಕೆ ಕೆಲಸಕ್ಕೆ ಬರಲ್ಲ ಅಂತ ಆಗ ಅವರಿಗೇ ಗೊತ್ತಾಗುತ್ತೆ. ಒಂದೇ ರೋಗಿ, ಓದುವವರು ಬದಲಾದ ಕೂಡಲೇ ಪತ್ರ ಪೂರ್ತಿ ಬದಲಾಯಿತು, ಅಲ್ವಾ?

ಹಾಗಾಗಿ ಆ ಮೊದಲ 5 ನಿಮಿಷದಲ್ಲಿ ನೋಟ್ಸ್‌ನ ಮೇಲಿನಿಂದ ಓದಬೇಡಿ. ಕೊನೆಗೆ ಹೋಗಿ. ಯಾರಿಗೆ, ಯಾಕೆ ಬರೆಯಬೇಕು ಅನ್ನೋ ಸೂಚನೆ ಅಲ್ಲಿರುತ್ತೆ. ಅದನ್ನು ಓದಿ, ಆಮೇಲೆ ಡಿಸ್ಚಾರ್ಜ್ ಪ್ಲಾನ್, ಆಮೇಲೆ ಇವತ್ತಿನ ಸ್ಥಿತಿ, ಕೊನೆಗೆ ಹಳೆಯ ಇತಿಹಾಸ. ಯಾರಿಗೆ ಅಂತ ಗೊತ್ತಿದ್ದರೆ ಓದುವಾಗಲೇ ಬೇಕು ಬೇಡ ಅಂತ ಮನಸ್ಸು ವಿಂಗಡಿಸುತ್ತೆ. ಬರೆಯೋಕೆ ಶುರುವಾದ ಮೇಲೂ ಏಳೆಂಟು ನಿಮಿಷ ಪ್ಯಾರಾ ಲೆಕ್ಕ ಹಾಕೋಕೆ ಕೊಡಿ. ಕೊನೆಗೆ ಐದು ನಿಮಿಷ ತಿದ್ದೋಕೆ ಉಳಿಸಿಕೊಳ್ಳಿ.

ಮೊದಲ ಪ್ಯಾರಾದಲ್ಲೇ ರೋಗಿ ಯಾರು, ಏನಾಗಿದೆ, ನೀವು ಏನು ಕೇಳುತ್ತಿದ್ದೀರಿ ಮೂರೂ ಬರಬೇಕು. "ಮುಂದಿನ ಆರೈಕೆಗಾಗಿ" ಅಂತ ಸುಮ್ನೆ ಬರೆದರೆ ಸಾಲದು. ಯಾವ ಆರೈಕೆ? ಗಾಯದ ಡ್ರೆಸ್ಸಿಂಗಾ, ಸಕ್ಕರೆ ಪರೀಕ್ಷೆಯಾ? ಅದನ್ನು ಹೇಳಿ. ಎರಡನೇ ಪ್ಯಾರಾದಲ್ಲಿ ಈಗಿನ ಸ್ಥಿತಿ. ಹಳೆಯದು ಆಮೇಲೆ. ಕೊನೆಯ ಪ್ಯಾರಾದಲ್ಲಿ ನಿಮ್ಮ ಕೋರಿಕೆ ವಿವರವಾಗಿ. ತಾರೀಖಿನ ಕ್ರಮದಲ್ಲಿ ಎಲ್ಲ ಬರೆಯಬೇಕು ಅನ್ನೋದು ನಮ್ಮ ನರ್ಸಿಂಗ್ ರೆಕಾರ್ಡ್ ಬರೆಯುವ ಅಭ್ಯಾಸ. ಪತ್ರಕ್ಕೆ ಅದು ಹೊಂದಲ್ಲ. ನೋಟ್ಸ್‌ನ ತುಂಡು ಸಾಲುಗಳನ್ನು ಹಾಗೇ ಇಳಿಸಬೇಡಿ, ಪೂರ್ತಿ ವಾಕ್ಯ ಮಾಡಿ.

ಇನ್ನು ಭಾಷೆ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಬಳಸುವ ಇಂಗ್ಲಿಷ್ ಒಂದಿದೆ. ದಿನದ ಕೆಲಸಕ್ಕೆ ಅದು ಸಾಕು. ಈ ಪರೀಕ್ಷೆಯಲ್ಲಿ ಮಾತ್ರ ಅದರ ಕೆಲವು ಸಾಲು ತಪ್ಪಾಗುತ್ತೆ. "ಶಿ ಈಸ್ ಹ್ಯಾವಿಂಗ್ ಡಯಾಬಿಟಿಸ್" ಬೇಡ, "ಶಿ ಹ್ಯಾಸ್ ಡಯಾಬಿಟಿಸ್" ಬರೆಯಿರಿ. "ಪೇನ್ ಸಿನ್ಸ್ ತ್ರೀ ಡೇಸ್" ಬೇಡ, ಅಲ್ಲಿ "ಫಾರ್" ಬರಬೇಕು. "ಸಿನ್ಸ್" ಬೇಕಾದರೆ ಶುರುವಾದ ದಿನ ಹೇಳಿ, "ಸಿನ್ಸ್ ಮಂಡೇ" ಅನ್ನೋ ಥರ. ತಾರೀಖು ಹಾಕಿದರೆ "ಹ್ಯಾಸ್ ಬೀನ್ ಅಡ್ಮಿಟೆಡ್" ಅಲ್ಲ, "ವಾಸ್ ಅಡ್ಮಿಟೆಡ್". ಮತ್ತೆ ದಯವಿಟ್ಟು "ಡು ದ ನೀಡ್‌ಫುಲ್" ಬಿಟ್ಟುಬಿಡಿ. ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳೋದೇ ಈ ಪತ್ರದ ಕೆಲಸ. "ಎ", "ದ" ಬಿಟ್ಟುಹೋಗೋದು ನಮಗೆಲ್ಲ ಜಾಸ್ತಿ. ಕೊನೆಯ ಐದು ನಿಮಿಷವನ್ನು ಅದಕ್ಕೇ ಇಡಿ. ಪ್ರತಿ ನಾಮಪದದ ಮೇಲೂ ಕಣ್ಣಾಡಿಸಿ.

ದೊಡ್ಡ ದೊಡ್ಡ ಪದ ಹುಡುಕೋದು ಬೇಡವೇ ಬೇಡ. ಯುಕೆಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೆಬ್‌ಸೈಟ್‌ನಲ್ಲಿ ಬಹಳಷ್ಟು ಕಾಯಿಲೆಗಳಿಗೆ ಒಂದೊಂದು ಪುಟ ಇದೆ. ಇಂಗ್ಲಿಷ್ ತುಂಬ ಸರಳ. ಡ್ಯೂಟಿಯಲ್ಲಿ ಆ ದಿನ ನೀವು ನೋಡಿದ ಒಂದು ಕಾಯಿಲೆಯ ಪುಟ ಓದಿ. ಗಾಯ, ನೋವು, ಊತ, ನಡಿಗೆ ಇವುಗಳ ಬಗ್ಗೆ ಅಲ್ಲಿಯವರು ಹೇಗೆ ಬರೆಯುತ್ತಾರೆ ಅಂತ ಕಣ್ಣಿಗೆ ಬೀಳುತ್ತೆ. ಇಂಗ್ಲಿಷ್ ಪೇಪರ್ ಓದಿ ಅಂತ ಎಲ್ಲರೂ ಹೇಳುತ್ತಾರೆ. ಈ ಪತ್ರಕ್ಕೆ ರಾಜಕೀಯ ಸುದ್ದಿಗಿಂತ ಆ ಪುಟಗಳು ಜಾಸ್ತಿ ಉಪಯೋಗ ಅಂತ ನನಗೆ ಅನ್ನಿಸುತ್ತೆ.

ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಬರೆಯಬೇಡಿ, ಮಲಗಿ. ಡ್ಯೂಟಿ ಇಲ್ಲದ ದಿನ ಗಡಿಯಾರ ಇಟ್ಟುಕೊಂಡು ಒಂದು ಪತ್ರ ಬರೆಯಿರಿ. ಮುಂದಿನ ಬಿಡುವಿನಲ್ಲಿ ಹೊಸ ಪತ್ರ ಬೇಡ, ಅದೇ ಪತ್ರವನ್ನು ಮತ್ತೆ ಬರೆಯಿರಿ. ದಿನಕ್ಕೊಂದು ಹೊಸ ಪತ್ರ ಬರೆದು ಹಿಂದಿನದನ್ನು ತಿರುಗಿ ನೋಡದವರಿಗಿಂತ, ಕಡಿಮೆ ಪತ್ರಗಳನ್ನೇ ಚೆನ್ನಾಗಿ ತಿದ್ದಿದವರು ಬೇಗ ಸುಧಾರಿಸೋದನ್ನು ನೋಡಿದ್ದೇನೆ. ಮಾದರಿ ಕೇಸ್ ನೋಟ್ಸ್ ಓಇಟಿಯ ಅಧಿಕೃತ ವೆಬ್‌ಸೈಟ್‌ನಲ್ಲೇ ಉಚಿತವಾಗಿ ಸಿಗುತ್ತೆ. ವಾಟ್ಸಾಪ್‌ನಲ್ಲಿ ಓಡಾಡುವ "ಹಿಂದಿನ ತಿಂಗಳ ಪ್ರಶ್ನೆ" ನಂಬಬೇಡಿ, ದುಡ್ಡಂತೂ ಕೊಡಲೇಬೇಡಿ.

ತಿದ್ದೋಕೆ ಇಂಗ್ಲಿಷ್ ಪಂಡಿತರು ಬೇಕಿಲ್ಲ. ಕೇಸ್ ನೋಟ್ಸ್ ನೋಡದ ಒಬ್ಬ ಸಹೋದ್ಯೋಗಿಗೆ ಪತ್ರ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ಸಿಸ್ಟರ್, ಈ ರೋಗಿ ನಾಳೆ ಬೆಳಿಗ್ಗೆ ನಿಮ್ಮ ಹತ್ತಿರ ಬಂದರೆ ಮೊದಲು ಏನು ಮಾಡುತ್ತೀರಿ?" ಅವರು ತಡವರಿಸದೆ ಹೇಳಿದರೆ ಪತ್ರ ಸರಿಯಿದೆ. ಮತ್ತೆ ಮತ್ತೆ ಓದಬೇಕಾಯಿತು ಅಂದರೆ ಎಲ್ಲಿ ಮುಗ್ಗರಿಸಿದರು ಅಂತ ಕೇಳಿ, ಆ ಸಾಲನ್ನೇ ಬದಲಿಸಿ. ವ್ಯಾಕರಣಕ್ಕೆ ಮಾತ್ರ ನಿಮ್ಮ ಕಾಲೇಜಿನ ಒಬ್ಬ ಮೇಡಂಗೆ ಆಗಾಗ ತೋರಿಸಿ. ಕೋಚಿಂಗ್ ಬೇಕೇ ಬೇಕು ಅನ್ನಿಸಿದರೆ ಆನ್‌ಲೈನ್‌ನಲ್ಲೇ ಸೇರಿ. ಆದರೆ ಪ್ರತಿ ಪತ್ರವನ್ನೂ ಸಾಲು ಸಾಲಾಗಿ ತಿದ್ದಿ ಕೊಡುತ್ತಾರಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಎಷ್ಟು ಅಂಕ ಬೇಕು ಅಂತಲೂ ತಿಳಿದುಕೊಳ್ಳಿ, ಭಯ ಇನ್ನಷ್ಟು ಇಳಿಯುತ್ತೆ. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ, ಯುಕೆಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ಗೆ ಬಿ ಗ್ರೇಡ್ ಕೇಳುತ್ತೆ, ಅಂದರೆ 500ಕ್ಕೆ 350. ರೈಟಿಂಗ್‌ಗೆ ಸಿ ಪ್ಲಸ್ ಸಾಕು, 300. ಅರ್ಜಿ ಹಾಕುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ, ನಿಯಮ ಆಗಾಗ ಬದಲಾಗುತ್ತೆ. ಐಇಎಲ್‌ಟಿಎಸ್ ಅನ್ನೋ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ವಿಧವನ್ನೂ ಒಪ್ಪುತ್ತಾರೆ, ಅದರಲ್ಲಿ ರೈಟಿಂಗ್‌ಗೆ 6.5, ಉಳಿದ ಮೂರಕ್ಕೆ 7. ಆದರೆ ಅಲ್ಲಿ 60 ನಿಮಿಷದಲ್ಲಿ ಎರಡು ಬರಹ. ಒಂದು ಗ್ರಾಫ್ ಅಥವಾ ಚಿತ್ರದ ವಿವರಣೆ ಕನಿಷ್ಠ 150 ಪದ, ಇನ್ನೊಂದು ಪ್ರಬಂಧ ಕನಿಷ್ಠ 250 ಪದ. ನಗರ, ಪರಿಸರ, ಶಿಕ್ಷಣ ಯಾವ ವಿಷಯವಾದರೂ ಬರಬಹುದು. ವಾರ್ಡಿನಲ್ಲೇ ದಿನ ಕಳೆಯುವ ನಿಮಗೆ ಓಇಟಿಯೇ ಸರಿ ಅಂತ ನಾನಂತೂ ಹೇಳುತ್ತೇನೆ.

ಫೀಸು ನಮ್ಮ ಕಡೆ ಖಾಸಗಿ ಆಸ್ಪತ್ರೆಯ ನರ್ಸ್ ಒಬ್ಬರ ತಿಂಗಳ ಸಂಬಳಕ್ಕಿಂತ ಜಾಸ್ತಿ. ಮನೆಗೆ ದುಡ್ಡು ಕಳಿಸುವ ಹುಡುಗಿಯರು ಎಷ್ಟು ಕಷ್ಟಪಟ್ಟು ಇದನ್ನು ಹೊಂದಿಸುತ್ತಾರೆ ಅಂತ ನೋಡಿದ್ದೇನೆ. ಅದಕ್ಕೇ ಅವಸರದಲ್ಲಿ ಬುಕ್ ಮಾಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಮೂರು ಬೇರೆ ಬೇರೆ ಕೇಸ್‌ಗೆ 40 ನಿಮಿಷದೊಳಗೆ ಪತ್ರ ಮುಗಿಸಿ, ಮೂರನ್ನೂ ಸಹೋದ್ಯೋಗಿ ಒಂದೇ ಓದಿಗೆ ಅರ್ಥ ಮಾಡಿಕೊಂಡರೆ ಆಗ ಬುಕ್ ಮಾಡಿ. ಕಂಪ್ಯೂಟರ್‌ನಲ್ಲಿ ಬರೆಯೋದಾದರೆ ಅಭ್ಯಾಸವೂ ಕೀಬೋರ್ಡ್ ಮೇಲೆಯೇ ಇರಲಿ. ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಲೆಕ್ಕಕ್ಕಿಲ್ಲ. ಕೇಂದ್ರ ಹೈದರಾಬಾದ್‌ನಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹಿಂದಿನ ದಿನವೇ ಹೋಗಿ. ಅದರ ಹಿಂದಿನ ಎರಡು ರಾತ್ರಿ ಡ್ಯೂಟಿ ಬೇಡ ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಈಗಲೇ ಹೇಳಿಡಿ.

ಮೇಲೆ ಕೊಟ್ಟ ಅಜ್ಜಿಯ ಕೇಸ್‌ಗೆ ಎರಡೂ ಪತ್ರ ಬರೆದು ಕಾಮೆಂಟ್‌ನಲ್ಲಿ ಹಾಕಿ, ನಾನು ತಿದ್ದಿಕೊಡುತ್ತೇನೆ. ನಿಮ್ಮ ಆಸ್ಪತ್ರೆಯ ರೋಗಿಯ ವಿವರ ಮಾತ್ರ ಅಭ್ಯಾಸಕ್ಕೂ ಬಳಸಬೇಡಿ.