ಕರಬೂಜದ ಬಳ್ಳಿ ತುಂಬ ಹೂವಿದೆ, ಒಂದೂ ಕಾಯಿ ಕಚ್ಚುತ್ತಿಲ್ಲ. ಕಿತ್ತು ಹಾಕಲಾ?

ಬೇಡ, ದಯವಿಟ್ಟು ಕೀಳಬೇಡಿ. ಸಂಕ್ರಾಂತಿ ಆದ ಮೇಲೆ ಬೀಜ ಹಾಕಿದ್ದೀರಿ, ಈಗ 40 ದಿನ ಆಗಿದೆ, ಹಳದಿ ಹೂವು ಬಂದು ಬಂದು ಉದುರುತ್ತಿವೆ ಅಂತ ಬರೆದಿದ್ದೀರಿ. ನಿಮ್ಮ ಬಳ್ಳಿಗೆ ಏನೂ ಆಗಿಲ್ಲ.

ಕರಬೂಜದಲ್ಲಿ ಮೊದಲು ಬರುವುದೆಲ್ಲ ಗಂಡು ಹೂವೇ. ಒಂದು ದಿನ ಅರಳುತ್ತವೆ, ಉದುರುತ್ತವೆ. ಕಾಯಿ ಆಗುವ ಹೂವು ಬರುವುದು ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ, ಅದೂ ಕವಲಿನ ಮೊದಲ ಒಂದೆರಡು ಗೆಣ್ಣಿನಲ್ಲಿ. ನಿಮ್ಮ ಬಳ್ಳಿ ಸುಮ್ನೆ ಉದ್ದಕ್ಕೆ ಓಡುತ್ತಿದ್ದರೆ ಇವತ್ತೇ ಅದರ ಕುಡಿ ಚಿವುಟಿ. ವಾರದೊಳಗೆ ಕವಲು ಒಡೆಯುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಅದು ಜಾಸ್ತಿಯಾದರೆ ಬರೀ ಎಲೆ ಬರುತ್ತದೆ.

ಕಾಯಿ ಹೂವನ್ನು ಗುರುತಿಸುವುದು ಸುಲಭ. ಹೂವಿನ ಬುಡದಲ್ಲಿ ಹಸಿ ಬಟಾಣಿಗಿಂತ ಸ್ವಲ್ಪ ಉದ್ದಕ್ಕೆ, ಮೈಯೆಲ್ಲ ಬಿಳಿ ನವಿರು ಇರುವ ಪುಟ್ಟ ಕಾಯಿ ಆಗಲೇ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು ಇರುತ್ತದೆ. ಈ ಹೂವಿನ ಪರಾಗ ಜಿಗುಟು, ಗಾಳಿಗೆ ಹಾರುವುದಿಲ್ಲ, ಜೇನುನೊಣವೇ ಹೊರಬೇಕು. ಸುತ್ತ ಮನೆಗಳೇ ಇರುವ ಕಡೆ ಜೇನು ಬರುವುದು ಕಡಿಮೆ ಅಲ್ವಾ, ಅದಕ್ಕೇ ನಾನು ಬೆಳಿಗ್ಗೆ ಏಳು ಗಂಟೆಗೆಲ್ಲ ಹಿತ್ತಲಿಗೆ ಹೋಗಿ ಆಗಷ್ಟೇ ಅರಳಿದ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ಕಾಯಿ ಹೂವಿನ ನಡುವೆ ಮೆತ್ತಗೆ ಸವರುತ್ತೇನೆ. ಹತ್ತು ಗಂಟೆಯ ಬಿಸಿಲಿಗೆ ಹೂವು ಬಾಡಿ ಹೋಗುತ್ತದೆ, ಆಮೇಲೆ ಸವರಿ ಪ್ರಯೋಜನವಿಲ್ಲ. ಮೂರ್ನಾಲ್ಕು ದಿನಕ್ಕೆ ಕಾಯಿ ದಪ್ಪಗಾದರೆ ಕಚ್ಚಿತು ಅಂತ ಅರ್ಥ. ಬೇವಿನ ಎಣ್ಣೆ ಹೊಡೆಯುವುದಿದ್ದರೆ ಸಂಜೆ ಹೊಡೆಯಿರಿ, ಬರುವ ನಾಲ್ಕು ಜೇನನ್ನೂ ಓಡಿಸಬೇಡಿ.

ಒಂದು ಬಳ್ಳಿಗೆ ಮೂರು ಕಾಯಿ ಸಾಕು, ಉಳಿದವನ್ನು ಎಳಸಾಗಿದ್ದಾಗಲೇ ತೆಗೆದುಬಿಡಿ. ಮನಸ್ಸು ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ, ಆದರೆ ಎಂಟು ಕಾಯಿ ಬಿಟ್ಟರೆ ಎಂಟೂ ಸಪ್ಪೆಯಾಗುತ್ತವೆ. ನಿಂಬೆ ಗಾತ್ರಕ್ಕೆ ಬಂದ ಕೂಡಲೇ ಪೇಪರ್ ಚೀಲ ಕಟ್ಟಿ, ಇಲ್ಲದಿದ್ದರೆ ಹಣ್ಣಿನ ನೊಣ ಚುಚ್ಚಿ ಮೊಟ್ಟೆ ಇಡುತ್ತದೆ. ಬಲೆ ತರುವುದಾದರೆ ಅಂಗಡಿಯಲ್ಲಿ ಕ್ಯೂ ಲೂರ್ (ಈ ನೊಣವನ್ನು ವಾಸನೆಯಿಂದ ಸೆಳೆಯುವ ಮದ್ದು) ಬಲೆ ಅಂತಲೇ ಕೇಳಿ. ಮಾವಿನ ತೋಟಕ್ಕೆ ಕೊಡುವ ಮೀಥೈಲ್ ಯೂಜಿನಾಲ್ ಬಲೆಗೆ ಈ ನೊಣ ಬರುವುದಿಲ್ಲ.

ಸೌತೆ ಪಕ್ಕದಲ್ಲಿದ್ದರೆ ಹಣ್ಣು ಸಪ್ಪೆಯಾಗುತ್ತಾ ಅಂತಲೂ ಕೇಳಿದ್ದೀರಿ. ಇಲ್ಲ. ಹಸಿಯಾಗಿ ತಿನ್ನುವ ಸೌತೆ ಬೇರೆ ಜಾತಿ, ಕರಬೂಜದ ಜೊತೆ ಬೆರೆಯುವುದೇ ಇಲ್ಲ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಮಾತ್ರ ಕರಬೂಜದ ಜಾತಿಯದೇ, ಅದು ಬೆರೆಯುತ್ತದೆ. ಆದರೂ ಈ ಸಲದ ಹಣ್ಣಿಗೆ ಏನೂ ಆಗುವುದಿಲ್ಲ, ಆ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ವ್ಯತ್ಯಾಸ ಕಾಣುತ್ತದೆ.

ಸಪ್ಪೆಯಾಗಲು ನಿಜವಾದ ಕಾರಣ ನೀರು. ನಾನು ಮೊದಲ ವರ್ಷ ಕೀಳುವ ದಿನದವರೆಗೂ ಪಾತಿ ತುಂಬ ನೀರು ಬಿಟ್ಟೆ. ಎರಡು ಹಣ್ಣು ಬಿರಿದವು, ಉಳಿದವು ನೀರು ನೀರಾಗಿದ್ದವು. ಈಗ ಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ ನೀರು ಕಡಿಮೆ ಮಾಡುತ್ತೇನೆ, ಎಲೆ ಬಾಡದಷ್ಟು ಕೊಟ್ಟರೆ ಸಾಕು. ನಮ್ಮದು ತುಮಕೂರಿನ ಕೆಂಪು ಮಣ್ಣು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜೀತ್ ತಳಿ ಹಾಕುತ್ತೇನೆ. ಹಣ್ಣು ಚಿಕ್ಕದು, ಅರ್ಧ ಕೆಜಿ ಆಸುಪಾಸು, ಆದರೆ ತುಂಬಾ ಸಿಹಿ. ರಾಮನವಮಿ ಪಾನಕಕ್ಕೆ ಹಿತ್ತಲ ಹಣ್ಣೇ ಆಗಬೇಕು ಅಂತ ಅಮ್ಮನ ಆಸೆ, ಅದಕ್ಕೇ ನಾವು ಜನವರಿ ಮೊದಲ ವಾರದಲ್ಲೇ ಬಿತ್ತುತ್ತೇವೆ.

ನಿಮ್ಮದು ಇನ್ನು ಹತ್ತು ದಿನದಲ್ಲಿ ಕಚ್ಚಿದರೆ ಅಲ್ಲಿಂದ 30–35 ದಿನಕ್ಕೆ ಹಣ್ಣಾಗುತ್ತದೆ. ತೊಟ್ಟಿನ ಸುತ್ತ ಸಣ್ಣ ಬಿರುಕು ಬಿಡುತ್ತದೆ, ವಾಸನೆ ಹಿತ್ತಲೆಲ್ಲ ಬರುತ್ತದೆ. ಆಗ ಹೆಬ್ಬೆರಳಿನಿಂದ ತೊಟ್ಟನ್ನು ಸ್ವಲ್ಪ ಒತ್ತಿ, ಹಣ್ಣು ತಾನೇ ಕಳಚಿ ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಇನ್ನೆರಡು ದಿನ ಬಿಡಿ.

ಕವಲು ಒಡೆದ ಮೇಲೆ ಒಂದು ಫೋಟೋ ಹಾಕಿ, ಯಾವುದು ಕಾಯಿ ಹೂವು ಅಂತ ನೋಡಿ ಹೇಳುತ್ತೇನೆ.