ಚಿತ್ರ ಸಂವಾದ: ಆಸೆಪಟ್ಟಿಯಿಂದ ಡಿಸ್ಕಿನವರೆಗೆ

ಹೊರದೇಶಗಳ ಹಳೆಯ ಶ್ರೇಷ್ಠ ಚಿತ್ರಗಳಲ್ಲಿ ಯಾವುದನ್ನು ಡಿವಿಡಿ ಅಥವಾ ಬ್ಲೂ-ರೇ ರೂಪದಲ್ಲಿ ಮನೆಯಲ್ಲಿ ಇಟ್ಟುಕೊಳ್ಳಲು ನೀವು ಬಹಳ ದಿನಗಳಿಂದ ಕಾಯುತ್ತಿದ್ದೀರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಸರುಗಳ ಜೊತೆಗೆ ಪ್ರಶ್ನೆಗಳೂ ಬಹಳ ಇದ್ದವು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಫಿಲ್ಮ್ ಸೊಸೈಟಿಯ ದಿನಗಳಿಂದಲೂ ನಾನು ಒಂದು ನೋಟ್‌ಬುಕ್ಕಿನಲ್ಲಿ ನೋಡಬೇಕಾದ ಚಿತ್ರಗಳ ಹೆಸರು ಬರೆಯುತ್ತ ಬಂದಿದ್ದೇನೆ. ಸಿಕ್ಕಿದ್ದಕ್ಕೆ ಗೆರೆ ಎಳೆಯುವುದು ರೂಢಿ. ಕೆಲವು ಹೆಸರುಗಳು ಇಪ್ಪತ್ತು ವರ್ಷ ಕಳೆದರೂ ಗೆರೆ ಕಾಣದೆ ಉಳಿದಿವೆ. ಪುಸ್ತಕಗಳೆಲ್ಲ ಹೊಗಳುವ ಚಿತ್ರವನ್ನು ಡಿಸ್ಕಿಗೆ ತರಲು ಕಂಪನಿಗಳಿಗೆ ಏನು ಕಷ್ಟ?
— ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ನಿಮ್ಮ ನೋಟ್‌ಬುಕ್ಕಿನ ವಿಷಯ ಓದಿ ಬಹಳ ಸಂತೋಷವಾಯಿತು. ಅಂಥದ್ದೊಂದು ನನ್ನ ಬಳಿಯೂ ಇದೆ. ಮೊದಲ ಪುಟಗಳ ಶಾಯಿ ಈಗ ಮಾಸಿದೆ. ಒಂದು ಚಿತ್ರ ಡಿಸ್ಕಿಗೆ ಬರಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಅದರ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಮೂಲ ಫಿಲ್ಮ್, ಅಥವಾ ಅದಕ್ಕೆ ಹತ್ತಿರದ ಒಳ್ಳೆಯ ಪ್ರತಿ ಎಲ್ಲಾದರೂ ಉಳಿದಿರಬೇಕು, ಹಕ್ಕು ಯಾರದ್ದೆಂಬುದು ತಕರಾರಿಲ್ಲದೆ ತೀರ್ಮಾನವಾಗಿರಬೇಕು, ಮತ್ತು ಅದಕ್ಕೆ ಹಣ ಹಾಕುವವರು ಮುಂದೆ ಬರಬೇಕು. ಹಣವೇ ದೊಡ್ಡ ತೊಡಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ, ಆದರೆ ಬಹುಪಾಲು ಚಿತ್ರಗಳು ಮೊದಲ ಎರಡರಲ್ಲೇ ಸಿಕ್ಕಿಹಾಕಿಕೊಂಡಿರುತ್ತವೆ.

ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾರ್ ಅವರ 1937ರ 'ಗ್ರ್ಯಾಂಡ್ ಇಲ್ಯೂಷನ್' ಚಿತ್ರವನ್ನೇ ನೋಡಿ. ಪ್ಯಾರಿಸ್ಸನ್ನು ವಶಪಡಿಸಿಕೊಂಡ ನಾಜಿಗಳು ಅದರ ಮೂಲ ನೆಗೆಟಿವನ್ನು ಬರ್ಲಿನ್ನಿನ ಸರ್ಕಾರಿ ಚಿತ್ರಸಂಗ್ರಹಕ್ಕೆ ಸಾಗಿಸಿದರು. ಯುದ್ಧ ಮುಗಿದಾಗ ಅದು ಸೋವಿಯತ್ ಸೈನ್ಯದ ಕೈಸೇರಿ ಮಾಸ್ಕೋಗೆ ಹೋಯಿತು. 1960ರ ದಶಕದಲ್ಲಿ ಎರಡು ದೇಶಗಳ ಸಂಗ್ರಹಾಲಯಗಳ ನಡುವಿನ ವಿನಿಮಯದಲ್ಲಿ ಫ್ರಾನ್ಸಿನ ಟುಲೂಸ್ ನಗರಕ್ಕೆ ಮರಳಿತಾದರೂ, ಆ ಡಬ್ಬಗಳಲ್ಲಿ ಇರುವುದೇನೆಂದು ಯಾರ ಗಮನಕ್ಕೂ ಬರಲಿಲ್ಲ. 1990ರ ದಶಕದ ಆರಂಭದವರೆಗೆ ಅದು ಕಳೆದೇಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ತನ್ನ ಡಿವಿಡಿ ಸರಣಿಯ 1ನೇ ಸಂಖ್ಯೆಯನ್ನು ಈ ಚಿತ್ರಕ್ಕೆ ಮೀಸಲಿಟ್ಟಿತ್ತು. ನೆಗೆಟಿವ್ ಇದೆಯೆಂದು ತಿಳಿದ ಮೇಲೆ ಸವೆದ ಪ್ರತಿಯಿಂದ ಡಿಸ್ಕ್ ತರುವುದನ್ನು ನಿಲ್ಲಿಸಿ, ಹೊಸ ಪ್ರಿಂಟ್ ಸಿದ್ಧವಾಗುವವರೆಗೆ ಕಾದು, ಕೊನೆಗೆ 1999ರಲ್ಲಿ ಬಿಡುಗಡೆ ಮಾಡಿತು. ಆ ನಡುವೆ ಬೇರೆ ಸಂಖ್ಯೆಯ ಎಷ್ಟೋ ಚಿತ್ರಗಳು ಹೊರಬಂದಿದ್ದವು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯ. ಸಂರಕ್ಷಣೆಗೆಂದು ಲಂಡನ್ನಿನ ಪ್ರಯೋಗಾಲಯಕ್ಕೆ ಕಳಿಸಿದ್ದ ಅದರ ಮೂಲ ನೆಗೆಟಿವ್‌ಗಳು 1993ರಲ್ಲಿ ಅಲ್ಲಿ ಎದ್ದ ಬೆಂಕಿಗೆ ಸಿಕ್ಕವು. ಸುಟ್ಟು, ಕರಗಿ, ಅಂಟಿಕೊಂಡ ರೀಲುಗಳನ್ನು ಎಸೆಯದೆ, ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ ಸಂಗ್ರಹಾಲಯದವರು ಹಾಗೆಯೇ ಡಬ್ಬಗಳಲ್ಲಿ ಎತ್ತಿಟ್ಟರು. ಆಗ ಅದರಿಂದ ಏನನ್ನಾದರೂ ಪಡೆಯುವ ತಂತ್ರಜ್ಞಾನವೇ ಇರಲಿಲ್ಲ. ಸುಮಾರು 20 ವರ್ಷಗಳ ನಂತರ ಇಟಲಿಯ ಬೊಲೋನ್ಯಾ ನಗರದ ಪ್ರಯೋಗಾಲಯದಲ್ಲಿ ಆ ಒಣಗಿ ಸೆಟೆದ ಫಿಲ್ಮಿಗೆ ತೇವ ಕೊಟ್ಟು ಮೆತ್ತಗೆ ಮಾಡಿ, ಕರಗಿದ ಟೇಪು, ಅಂಟು, ಮೇಣವನ್ನು ಕೈಯಿಂದಲೇ ಬಿಡಿಸಿ, ಫಿಲ್ಮನ್ನು ಯಂತ್ರ ಎಳೆಯಲೆಂದು ಅಂಚಿನಲ್ಲಿರುವ, ಸುಟ್ಟುಹೋದ ತೂತುಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದರು. ಹೀಗೆ 'ಪಥೇರ್ ಪಾಂಚಾಲಿ'ಯ ಹಾಗೂ 'ಅಪರಾಜಿತೋ'ದ ನೆಗೆಟಿವ್‌ಗಳ ಸಾಕಷ್ಟು ಭಾಗ ಉಳಿಯಿತು. ಬಳಕೆಗೆ ಬಾರದ ಕಡೆಗಳಲ್ಲಿ ಬೇರೆ ಸಂಗ್ರಹಗಳ ಪ್ರತಿಗಳಿಂದ ತುಂಬಿಸಲಾಯಿತು. 2015ರಲ್ಲಿ ಡಿಸ್ಕ್ ಬಂತು. ಬಿಳಿ ಹೂ ಬಿಡುವ ಎತ್ತರದ ಕಾಶ ಹುಲ್ಲಿನ ನಡುವೆ ಅಪು ಮತ್ತು ಅವನ ಅಕ್ಕ ದುರ್ಗಾ ರೈಲು ನೋಡುವ ದೃಶ್ಯದಲ್ಲಿ, ನಾವು ಹಳೆಯ ಪ್ರಿಂಟಿನಲ್ಲಿ ಬರೀ ಬಿಳಿಯ ಕಲೆಯಾಗಿ ಕಂಡಿದ್ದ ಹೂಗಳು ಈಗ ಒಂದೊಂದೂ ಗಾಳಿಗೆ ಬಾಗುವುದು ಕಾಣುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ಆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

ಇನ್ನು ಹಕ್ಕಿನ ವಿಷಯ. ನಿರ್ಮಾಪಕರು ತೀರಿಕೊಂಡು ವಾರಸುದಾರರು ಹಲವರಾಗಿರುವುದು, ಸಂಗೀತದ ಹಕ್ಕು ಬೇರೊಬ್ಬರಲ್ಲಿ ಉಳಿದಿರುವುದು, ಎರಡು ಮೂರು ದೇಶಗಳ ಕಂಪನಿಗಳು ಸೇರಿ ಹಣ ಹೂಡಿದ್ದ ಚಿತ್ರಕ್ಕೆ ಈಗ ಪ್ರತಿಯೊಬ್ಬರೂ ತಾವೇ ಒಡೆಯರೆನ್ನುವುದು ಇಲ್ಲಿ ಸಾಮಾನ್ಯ. ಆರ್ಸನ್ ವೆಲ್ಸ್ ಅವರ 1965ರ 'ಚೈಮ್ಸ್ ಅಟ್ ಮಿಡ್‌ನೈಟ್' ಇಂಥ ತಕರಾರುಗಳಲ್ಲೇ ದಶಕಗಳನ್ನು ಕಳೆದು, ಅಮೆರಿಕದಲ್ಲಿ ಯೋಗ್ಯವಾದ ಡಿಸ್ಕಾಗಿ ಬಂದದ್ದು 2016ರಲ್ಲಿ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಇನ್ನೆರಡು ಕಾಲಂ ಎಳೆಯಿರಿ. ಒಂದರಲ್ಲಿ ಚಿತ್ರದ ಮೂಲ ಪ್ರತಿ ಯಾವ ಸಂಗ್ರಹಾಲಯದಲ್ಲಿದೆ ಎಂದು, ಇನ್ನೊಂದರಲ್ಲಿ ಹಕ್ಕು ಯಾರಲ್ಲಿದೆ ಎಂದು, ಓದಿ ತಿಳಿದಂತೆಲ್ಲ ತುಂಬಿಸಿ. ಎರಡೂ ಕಾಲಂ ತುಂಬಿದ ಚಿತ್ರಕ್ಕಾಗಿ ಕಂಪನಿಗೆ ಪತ್ರ ಬರೆದರೆ ಅದಕ್ಕೆ ತೂಕವಿರುತ್ತದೆ. ಮೊದಲ ಕಾಲಂ ಖಾಲಿ ಇರುವ ಚಿತ್ರಕ್ಕೆ ಮೊದಲು ಬೇಕಾದದ್ದು ಹುಡುಕಾಟ. ವೆಲ್ಸ್ ಅವರದೇ 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್' ಚಿತ್ರದಿಂದ 1942ರಲ್ಲಿ ಸ್ಟುಡಿಯೊದವರು 40 ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿ ನಾಶಪಡಿಸಿದರು. ಕುರೊಸಾವಾ ಅವರ 1951ರ 'ದಿ ಈಡಿಯಟ್' 265 ನಿಮಿಷಗಳದ್ದಾಗಿತ್ತು; ಕಂಪನಿ ಅದನ್ನು 166 ನಿಮಿಷಕ್ಕೆ ಇಳಿಸಿತು. ಇವುಗಳ ಪೂರ್ಣರೂಪ ಪ್ರತಿಯೊಬ್ಬ ಸಿನಿಮಾಪ್ರಿಯನ ಪಟ್ಟಿಯಲ್ಲೂ ಇರುತ್ತದೆ, ನನ್ನದರಲ್ಲೂ ಇದೆ. ಅಳಿಸಿಹಾಕಬೇಡಿ. ಫ್ರಿಟ್ಸ್ ಲಾಂಗ್ ಅವರ 'ಮೆಟ್ರೊಪೊಲಿಸ್' ಚಿತ್ರದಿಂದ ಕಾಣೆಯಾಗಿದ್ದ ಸುಮಾರು 25 ನಿಮಿಷಗಳ ಭಾಗ 80 ವರ್ಷಗಳ ಮೇಲೆ, 2008ರಲ್ಲಿ, ಬ್ಯೂನಸ್ ಐರಿಸ್ಸಿನ ಒಂದು ಸಂಗ್ರಹಾಲಯದಲ್ಲಿ ಸಿಕ್ಕಿತು. ಇರಾನಿನ ಮೊಹಮ್ಮದ್ ರೆಜಾ ಅಸ್ಲಾನಿ ಅವರ 1976ರ 'ಚೆಸ್ ಆಫ್ ದಿ ವಿಂಡ್' ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, ಅದರ ನೆಗೆಟಿವ್ ಡಬ್ಬಗಳು 2014ರಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನಿರ್ದೇಶಕರ ಮಗನ ಕಣ್ಣಿಗೇ ಬಿದ್ದವು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ನನಗಾಗಿ ನಾಲ್ಕು ಬ್ಲೂ-ರೇ ಡಿಸ್ಕುಗಳನ್ನು ತಂದಿದ್ದ. ನಮ್ಮ ಪ್ಲೇಯರಿನಲ್ಲಿ ಒಂದೂ ಓಡಲಿಲ್ಲ. ಡಿಸ್ಕುಗಳು ಕೆಟ್ಟಿವೆಯೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ, ಗಾಬರಿಯಾಗಬೇಡಿ. ಬ್ಲೂ-ರೇ ಡಿಸ್ಕುಗಳಿಗೆ ಜಗತ್ತನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಹಂಚಿದ್ದಾರೆ. ಅಮೆರಿಕ ಮತ್ತು ಜಪಾನ್ ಎ, ಯುರೋಪ್ ಮತ್ತು ಆಸ್ಟ್ರೇಲಿಯಾ ಬಿ, ಭಾರತ ಸಿ. ಅಮೆರಿಕದ ಕ್ರೈಟೀರಿಯನ್ ಬ್ಲೂ-ರೇಗಳು ಸಾಮಾನ್ಯವಾಗಿ ಎ ವಲಯಕ್ಕೆ, ಬ್ರಿಟನ್ನಿನ ಹಳೆಯ ಚಿತ್ರಗಳ ಪ್ರಕಾಶಕರ ಡಿಸ್ಕುಗಳು ಬಿ ವಲಯಕ್ಕೆ ಬೀಗ ಹಾಕಿರುತ್ತವೆ, ಬೇರೆ ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿವಿಡಿಗಳ ಲೆಕ್ಕ ಬೇರೆ. ಅಲ್ಲಿ ಅಮೆರಿಕ 1, ಭಾರತ 5. ಅನೇಕ ಡಿವಿಡಿ ಪ್ಲೇಯರುಗಳಲ್ಲಿ ರಿಮೋಟಿನಿಂದಲೇ ವಲಯ ಬದಲಿಸಬಹುದು, ಬ್ಲೂ-ರೇ ಪ್ಲೇಯರಿನಲ್ಲಿ ಅದು ಅಷ್ಟು ಸುಲಭವಲ್ಲ. ಎಲ್ಲ ವಲಯಗಳಿಗೂ ಹೊಂದುವ ಪ್ಲೇಯರನ್ನೇ ಕೊಳ್ಳುವುದು ಒಳ್ಳೆಯದು. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ವಲಯದ ಬೀಗವಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಕೊಡುವ ಬ್ಲೂ-ರೇಗೆ ಇರಬಹುದು ಎಂಬುದನ್ನು ಮಗನಿಗೆ ಮುಂದಿನ ಸಲ ಮೊದಲೇ ತಿಳಿಸಿ.

ಪ್ರಶ್ನೆ: ಒಂದೇ ಚಿತ್ರದ ಎರಡು ಮೂರು ರೂಪಗಳು ಬೇರೆ ಬೇರೆ ಡಿಸ್ಕುಗಳಲ್ಲಿ ಇವೆ. ಯಾವುದನ್ನು ಕೊಳ್ಳಬೇಕು?
— ವಿದ್ಯಾರ್ಥಿ, ಧಾರವಾಡ

ಉತ್ತರ: ನಿರ್ದೇಶಕರ ಮನಸ್ಸಿಗೆ ಹತ್ತಿರವಾದದ್ದನ್ನು. ಆದರೆ ಅದು ಯಾವುದೆಂದು ಹೇಳುವುದು ಪ್ರತಿ ಸಲವೂ ಸುಲಭವಲ್ಲ. ಪರಜಾನೋವ್ ಅವರ 'ದಿ ಕಲರ್ ಆಫ್ ಪೊಮೆಗ್ರನೇಟ್ಸ್' ಚಿತ್ರಕ್ಕೆ ಅರ್ಮೇನಿಯದಲ್ಲಿ ತೋರಿಸಿದ ರೂಪವೊಂದು, ಸೋವಿಯತ್ ಒಕ್ಕೂಟದ ಉಳಿದೆಡೆಗಳಿಗಾಗಿ ಯುಟ್ಕೆವಿಚ್ ಎಂಬ ಇನ್ನೊಬ್ಬ ನಿರ್ದೇಶಕರು ಮರುಜೋಡಿಸಿದ ರೂಪವೊಂದು ಇವೆ. 2014ರಲ್ಲಿ ಜೀರ್ಣೋದ್ಧಾರವಾದದ್ದು ಪರಜಾನೋವ್ ಅವರ ಆಶಯಕ್ಕೆ ಹತ್ತಿರದ್ದು, ಅದನ್ನೇ ಆರಿಸಿ. ಆಬೆಲ್ ಗಾನ್ಸ್ ಅವರ 1927ರ 'ನೆಪೋಲಿಯನ್' ವಿಷಯ ಬೇರೆ. ಬ್ರಿಟನ್ನಿನ ಸಿನಿಮಾ ಇತಿಹಾಸಕಾರ ಕೆವಿನ್ ಬ್ರೌನ್ಲೋ ತಮ್ಮ ಜೀವಮಾನದ ದೊಡ್ಡ ಪಾಲನ್ನು ವ್ಯಯಿಸಿ ಕಟ್ಟಿದ ಐದೂವರೆ ಗಂಟೆಗಳ ರೂಪ ಬ್ರಿಟನ್ನಿನಲ್ಲಿ 2016ರಲ್ಲಿ ಡಿಸ್ಕಾಗಿ ಬಂದಿತು. 2024ರಲ್ಲಿ ಪ್ಯಾರಿಸ್ಸಿನ ಚಿತ್ರಸಂಗ್ರಹಾಲಯದವರು ಸುಮಾರು ಏಳು ಗಂಟೆಗಳ ಇನ್ನೊಂದು ರೂಪವನ್ನು ಸಿದ್ಧಪಡಿಸಿದರು. ಇಲ್ಲಿ ಒಂದು ಇನ್ನೊಂದನ್ನು ರದ್ದು ಮಾಡುವುದಿಲ್ಲ.

ಅಳತೆಯನ್ನೂ ಗಮನಿಸಿ. ಅಗಲ ಪರದೆಗೆ 2.35:1 ಪ್ರಮಾಣದಲ್ಲಿ ತೆಗೆದ ಚಿತ್ರವನ್ನು ಹಳೆಯ ಚೌಕ ಟಿವಿಗೆ ತುಂಬಿಸಿದಾಗ ಚಿತ್ರದ 40 ಪ್ರತಿಶತಕ್ಕೂ ಹೆಚ್ಚು ಭಾಗ ಕಾಣೆಯಾಗುತ್ತದೆ. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ನಾನು ನೋಡಿದ ಒಂದು ಜಪಾನಿ ಚಿತ್ರದಲ್ಲಿ, ಪರದೆಯ ಎರಡು ತುದಿಗಳಲ್ಲಿ ಎದುರುಬದುರು ನಿಂತ ಇಬ್ಬರು ಮಾತನಾಡುವಾಗ ನಮಗೆ ಕಂಡದ್ದು ಅವರ ನಡುವಿನ ಖಾಲಿ ಗೋಡೆ ಮಾತ್ರ. ಹಿಮ ಬಿದ್ದ ಬಯಲಿನ ದೃಶ್ಯ ಬಂದಾಗ ಬಿಳಿ ಅಕ್ಷರದ ಸಬ್‌ಟೈಟಲ್ಲುಗಳು ಹಿಮದಲ್ಲೇ ಕರಗಿಹೋದವು. ಹಳೆಯ ದಾಸ್ತಾನಿನ ಡಿವಿಡಿಗಳಲ್ಲಿ ಈ ದೋಷಗಳು ಹಾಗೆಯೇ ಉಳಿದಿರುತ್ತವೆ, ಕೊಳ್ಳುವ ಮುನ್ನ ಡಬ್ಬದ ಹಿಂಬದಿ ಓದಿ.

ಪ್ರಶ್ನೆ: ನನ್ನ ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಜಪಾನ್, ಇರಾನ್, ಸೆನೆಗಲ್ ಚಿತ್ರಗಳ ಒಳ್ಳೆಯ ಡಿಸ್ಕುಗಳನ್ನು ಅವರಿಗೆ ತೋರಿಸಿದ್ದೇನೆ. ಅದೇ ಸಾಲಿನಲ್ಲಿಟ್ಟು 'ಘಟಶ್ರಾದ್ಧ' ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಅದು ಕೈಗೂಡೀತೇ?
— ಕನ್ನಡಿಗರೊಬ್ಬರು, ನ್ಯೂಜೆರ್ಸಿ

ಉತ್ತರ: ನಿಮ್ಮ ಆಸೆಯ ಕಷ್ಟದ ಅರ್ಧ ಈಗಾಗಲೇ ಮುಗಿದಿದೆ. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹದಲ್ಲಿ ಉಳಿದಿತ್ತು. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹಾಗೂ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದರ ಜೀರ್ಣೋದ್ಧಾರ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಅದು ತೆರೆಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣವನ್ನು ದೂರದರ್ಶನದ ಮಸುಕಿನಲ್ಲಿ ಮಾತ್ರ ಕಂಡಿದ್ದ ನನ್ನಂಥವರಿಗೆ ಅದೊಂದು ಹಬ್ಬದ ಸುದ್ದಿ. ಯಮುನಕ್ಕನಿಗೆ ಆಗುತ್ತಿರುವುದು ಏನೆಂದು ಪೂರ್ತಿ ಅರ್ಥವಾಗದ ಬಾಲಕ ನಾಣಿಯ ಮುಖವನ್ನು ಸ್ಪಷ್ಟವಾಗಿ ಕಾಣದಿದ್ದರೆ ಆ ಚಿತ್ರವನ್ನು ನೋಡಿದಂತೆಯೇ ಅಲ್ಲ.

ಆದರೆ ಜೀರ್ಣೋದ್ಧಾರವಾದ ಕೂಡಲೇ ಡಿಸ್ಕ್ ಬರುತ್ತದೆಂದು ಹೇಳಲಾಗದು. ತೈವಾನಿನ ಎಡ್ವರ್ಡ್ ಯಾಂಗ್ ಅವರ 'ಎ ಬ್ರೈಟರ್ ಸಮ್ಮರ್ ಡೇ' ಇದೇ ಪ್ರಾಜೆಕ್ಟಿನಿಂದ 2009ರಲ್ಲಿ ಸಿದ್ಧವಾಗಿದ್ದರೂ ಅಮೆರಿಕದಲ್ಲಿ ಡಿಸ್ಕಾಗಿ ಬಂದದ್ದು 2016ರಲ್ಲಿ. ಭರವಸೆಗೂ ಕಾರಣವಿದೆ. ಈ ಪ್ರಾಜೆಕ್ಟಿನ ಚಿತ್ರಗಳನ್ನು ಕ್ರೈಟೀರಿಯನ್ ಹಲವು ಚಿತ್ರಗಳ ಪೆಟ್ಟಿಗೆಗಳಾಗಿ ಹೊರತರುತ್ತ ಬಂದಿದೆ. ಮೊದಲ ಪೆಟ್ಟಿಗೆಯಲ್ಲಿ ಋತ್ವಿಕ್ ಘಟಕ್ ಅವರ 'ತಿತಾಸ್ ಏಕ್ಟಿ ನದೀರ್ ನಾಮ್', ನಾಲ್ಕನೆಯದರಲ್ಲಿ ಉದಯಶಂಕರ್ ಅವರ 'ಕಲ್ಪನಾ' ಇವೆ. ಈ ದಾರಿಯಲ್ಲಿ ನಮ್ಮ ಚಿತ್ರವೂ ಹೋಗಬಲ್ಲದು. ಅಮೆರಿಕದಲ್ಲಿರುವ ನೀವು, ನಿಮ್ಮ ಕನ್ನಡ ಕೂಟದ ಗೆಳೆಯರು, ಅಲ್ಲಿನ ಪ್ರಕಾಶಕರಿಗೆ ಪತ್ರ ಬರೆದರೆ ಅದು ಗಿರಾಕಿಗಳ ಪತ್ರ. ಇಲ್ಲಿಂದ ನಾವು ಬರೆಯುವುದಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ದಯವಿಟ್ಟು ಬರೆಯಿರಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ನಮ್ಮಲ್ಲಿ ಉಳಿದಿಲ್ಲ. ಅದನ್ನು ಯಾವ ಆಸೆಪಟ್ಟಿಗೆ ಸೇರಿಸಿದರೂ ಕೊಡುವವರಿಲ್ಲ.

ಪ್ರಶ್ನೆ: ಎಲ್ಲವೂ ಸ್ಟ್ರೀಮಿಂಗಿನಲ್ಲಿ ಸಿಗುವಾಗ ಡಿಸ್ಕಿನ ಹಂಬಲ ಏಕೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಎಲ್ಲವೂ ಸಿಗುವುದಿಲ್ಲ. ಸಿಕ್ಕಿದ್ದೂ ಒಪ್ಪಂದದ ಅವಧಿ ಮುಗಿದಾಗ ಹೇಳದೆ ಕೇಳದೆ ಮಾಯವಾಗುತ್ತದೆ. ನಾನು ಅರ್ಧ ನೋಡಿ ಮರುದಿನಕ್ಕೆಂದು ಉಳಿಸಿದ್ದ ಚಿತ್ರವೊಂದು ಮರುದಿನ ಇರಲೇ ಇಲ್ಲ. ಕಪಾಟಿನಲ್ಲಿರುವುದು ಹಾಗೆ ಹೋಗುವುದಿಲ್ಲ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಮಳೆಗಾಲದಲ್ಲಿ ಡಿಸ್ಕಿನ ಡಬ್ಬಗಳೊಳಗಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಡಿಸ್ಕಿಗೂ ಅಪಾಯವೇ?
— ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೂಷ್ಟು ಮೊದಲು ಹಿಡಿಯುವುದು ಕಾಗದಕ್ಕೆ, ಆದರೆ ತೇವ ಹೆಚ್ಚು ಕಾಲ ನಿಂತರೆ ಡಿಸ್ಕಿನ ಮೇಲೂ ಪೊರೆ ಕಟ್ಟುತ್ತದೆ. ಜೂನ್ ಬರುವ ಮುನ್ನ ಡಬ್ಬಗಳನ್ನು ಹೊರಗೋಡೆಗೆ ತಾಗದ, ಒಳಕೋಣೆಯ ಕಪಾಟಿಗೆ ಸಾಗಿಸಿ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಡಬ್ಬಗಳನ್ನು ಪುಸ್ತಕದಂತೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಅವನ್ನು ಆಗಾಗ ಬದಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಡಿಸ್ಕಿನ ಮೇಲೆ ಹೆಸರಿನ ಚೀಟಿ ಅಂಟಿಸಬೇಡಿ, ತೇವಕ್ಕೆ ಚೀಟಿ ಏಳುತ್ತದೆ. ಒರೆಸಲೇಬೇಕಾದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಒರೆಸಬೇಡಿ.